ಬಾಗಿಲ ಬಳಿಯ ಕುರ್ಚಿ

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದಿದ್ದರೆ ನಾಡಿ ಹಿಡಿದು ನೋಡಿ.

ಮಿಮಿಕ್ರಿ ಮೇಷ್ಟ್ರು ಸದ್ದಾಗದಂತೆ ಕೈಯ ಪಟ್ಟಿ ಬಿಚ್ಚಿದರು. ಗಡಿಯಾರದಂಥ ಆ ಪಟ್ಟಿ ನಾಡಿಯ ಓಟವನ್ನು ಮಗಳ ಫೋನಿಗೆ ಚಾಡಿ ಹೇಳುತ್ತಿತ್ತು. ಹೃದಯ ಸೋತಿದೆ, ಅದು ಓಡಬಾರದು ಎಂದು ಡಾಕ್ಟರು ನಾಡಿ ನಿಧಾನಿಸುವ ಮಾತ್ರೆ ಬರೆದಿದ್ದರು. ಮೆಲ್ಲಗೆ ಅಡ್ಡಾಡಿ ಎಂದೂ ಹೇಳಿದ್ದರು. ಆದರೆ ಹೆಂಡತಿಯದು ಒಂದೇ ಪಲ್ಲವಿ: "ಒಬ್ಬರನ್ನೇ ಬಿಡಲ್ಲ. ನಾನು ಇವತ್ತು ಮೆಟ್ಲಿಳಿಯಲ್ಲ."

ಎರಡನೇ ಮಹಡಿಯೇ ಸೆರೆಮನೆಯಾಯಿತು. ಮೇಷ್ಟ್ರು ಅವಳನ್ನು ಎದುರಿಗೇ ಜೈಲರ್ ಎನ್ನುತ್ತಿದ್ದರು.

ಜೈಲರ್ ಹಾಸಿಗೆಯನ್ನೇ ಬಿಟ್ಟಿದ್ದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೇ ನಿದ್ದೆ. ಕಾಲಿಗೆ ಗಂಡನ ದೊಡ್ಡ ಚಪ್ಪಲಿ. "ನಿಮ್ಮ ಚಪ್ಪಲಿ ನನ್ನ ಕಾಲಲ್ಲಿದ್ರೆ ನೀವೆಲ್ಲಿಗೆ ಹೋಗ್ತೀರಿ?" ಈಚೆಗೆ ಬೈಗುಳವೂ ಕಂತಿನಲ್ಲಿ: "ಮಾತ್ರೆ... ನುಂಗಿದ್ರಾ... ರೀ?"

ಪಟ್ಟಿಗೊಂದು ಕೈ ಬೇಕಲ್ಲ! ಗೊರಕೆ ಹೊಡೆಯುತ್ತಿದ್ದ ಜೈಲರ್ ಕೈಗೇ ಅದನ್ನು ಕಟ್ಟಿ, ಮೇಷ್ಟ್ರು ಬರಿಗಾಲಲ್ಲಿ ಇಳಿದರು.

ಕೆಳಗಿನ ಕ್ಷೌರದಂಗಡಿಯವನ ಕತ್ತರಿ ನಿಂತಿತು. "ಓಹೋ! ಜಾಮೀನು ಸಿಕ್ತಾ ಮೇಷ್ಟ್ರೇ?"

"ಪರಾರಿ ಕಣೋ!" ಎಂದವರೇ ಹೆಂಡತಿಯ ದನಿ ತೆಗೆದರು, ಏದುಸಿರನ್ನೂ ಬಿಡದೆ. "ಮಾತ್ರೆ... ನುಂಗಿದ್ರಾ... ರೀ?" ಅಂಗಡಿ ತುಂಬ ನಗು.

ಜೇಬಿನಲ್ಲಿ ಫೋನ್ ಅದುರಿತು. ಮಗಳು.

"ಅಪ್ಪಾ, ಅಲ್ಲಾಡ್ಬೇಡ! ನಿನ್ನ ನಾಡಿ ತಾಳ ತಪ್ಪಿ ಓಡ್ತಿದೆ. ಆಂಬುಲೆನ್ಸ್ ಕಳಿಸಿದೀನಿ."

ಮೇಷ್ಟ್ರು ಕುತ್ತಿಗೆ ಮುಟ್ಟಿ ನೋಡಿಕೊಂಡರು. ಕಚೇರಿಯ ಕಡತದಷ್ಟು ನಿಧಾನ.

"ಕಳ್ಳಿ! ಎಚ್ಚರಾಗಿದೆ. ನನ್ನ ಹಿಡಿಸೋಕೆ ಬೇಕಂತ್ಲೇ ಮನೆ ತುಂಬ ಕುಣೀತಿದಾಳೆ," ಎಂದು ಗೊಣಗುತ್ತ, ನಿಂತು ನಿಂತು ಮೇಲೇರಿದರು.

ಯಾರೂ ಕುಣಿಯುತ್ತಿರಲಿಲ್ಲ. ಬಿಟ್ಟುಹೋದ ಕುರ್ಚಿಯಲ್ಲೇ, ಬಿಟ್ಟುಹೋದ ಭಂಗಿಯಲ್ಲೇ ಅವಳಿದ್ದಳು. ಹಣೆಯ ಮೇಲೆ ಬೆವರು. ಕೈಯಲ್ಲಿ ಪಟ್ಟಿ ಕೆಂಪಗೆ ಮಿನುಗುತ್ತಿತ್ತು. ಮೇಷ್ಟ್ರ ಚಪ್ಪಲಿ ಅವಳಿಗೆ ದೊಡ್ಡದಾಗಿರಲಿಲ್ಲ. ಊದಿದ ಪಾದಗಳಿಗೆ ಅದೂ ಬಿಗಿಯಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳಿಗೂ ಅದೇ ಮಾತ್ರೆ ಬರೆದರು.

"ಯಾಕಮ್ಮಾ ಹೇಳ್ಲಿಲ್ಲ?" ಮಗಳು ಅತ್ತಳು.

"ಮಲಗಿದ್ರೆ ಉಸಿರು ಕಟ್ತಿತ್ತು... ಅದಕ್ಕೇ ಕುರ್ಚಿ. ಜೈಲರ್‌ಗೇ ಕಾಯಿಲೆ ಅಂತ ಗೊತ್ತಾದ್ರೆ... ಕೈದಿ ಓಡಿಹೋಗಲ್ವೇನೇ?" ಎಂದು, ದಿಂಬುಗಳಿಗೊರಗಿ, ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ನಕ್ಕವಳು ಅವಳೊಬ್ಬಳೇ.