ಜಿರೇನಿಯಂ ಪಾತಿಯ ನೀರು

ತೂದಾ ಬೀಸಿದ ಗುದ್ದಲಿಯ ಹಿಡಿ ವಾರಗಿತ್ತಿ ರಖಿಯಾಳ ಹುಬ್ಬಿಗೆ ಬಡಿದು ಚರ್ಮ ಸೀಳಿತು. ರಖಿಯಾ ಕಾಲುವೆಯ ಪಕ್ಕ ಕುಸಿದಳು. ರಕ್ತ ಕಣ್ಣಿಗಿಳಿದರೂ ಅವಳ ಬೆರಳುಗಳು ತನ್ನ ಜಿರೇನಿಯಂ ಪಾತಿಯ ಬಾಯಿಗೆ ತೂದಾ ಕಟ್ಟಿದ್ದ ಮಣ್ಣಿನ ಒಡ್ಡನ್ನು ಕೆರೆಯುತ್ತಲೇ ಇದ್ದವು.

"ಇವತ್ತಿನ ನೀರು ನನ್ನ ಸರದಿ, ಅಕ್ಕ."

"ಸರದಿಯಂತೆ ಸರದಿ. ನನ್ನ ಮೇಕೆಗಳು ಮೇವಿಲ್ಲದೆ ಅರಚ್ತಿವೆ, ನೀನು ಎಲೆ ಮೂಸ್ತಾ ಕೂರ್ತೀಯಾ?" ತೂದಾ ಒಡ್ಡಿಗೆ ಇನ್ನೊಂದು ಹೆಂಟೆ ಎಳೆದಳು. ನೀರೆಲ್ಲ ಅವಳ ಕುದುರೆಮೆಂತೆ ಮೇವಿನ ಪಾತಿಯ ಕಡೆಗೇ ಹರಿಯಿತು.

ದ್ರಾ ಕಣಿವೆಯ ಮೇಲೆ ಮರಳುಗಾಡಿನ ಬಿಸಿಗಾಳಿ ಬಿಡದೆ ಬೀಸುತ್ತಿತ್ತು. ದಾಳಿಂಬೆಯ ನೆರಳಿನಲ್ಲಿದ್ದರೂ ಜಿರೇನಿಯಂ ಎಲೆಗಳು ಸುರುಟಿದ್ದವು. ಇವತ್ತು ನೀರು ಸಿಗದಿದ್ದರೆ ಸಂಜೆಗೆ ಒಂದು ಗಿಡವೂ ಉಳಿಯುವಂತಿರಲಿಲ್ಲ. ತೋಟದ ಖರ್ಜೂರದ ಮರಗಳೆಲ್ಲ ಗಂಡಸರವು. ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಗಳಿಂದ ಬೆಳೆಸಿದ ಈ ಗಿಡಗಳಷ್ಟೇ ರಖಿಯಾಳವು. ಅವಳು ತೆವಳಿಕೊಂಡು ಹೋಗಿ, ತೂದಾಳ ಕಡೆ ಹರಿಯುವ ಕಾಲುವೆಗೆ ಅಡ್ಡ ಮಲಗಿಬಿಟ್ಟಳು. ನೀರು ಅವಳ ಬೆನ್ನಿಗೆ ಬಡಿದು, ಏರಿ, ಒಡ್ಡನ್ನು ಒಡೆದುಕೊಂಡು ಕೆಂಪಾಗಿ ಜಿರೇನಿಯಂ ಪಾತಿಗೆ ನುಗ್ಗಿತು.

"ಏಳೇ ಹುಚ್ಚಿ. ಏಳದಿದ್ರೆ ಇಲ್ಲೇ ಹೂತುಬಿಡ್ತೀನಿ." ತೂದಾ ಗುದ್ದಲಿ ಎತ್ತಿದಳು.

ರಖಿಯಾ ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಎರಡೂ ಕೈಯಿಂದ ಕಾಲುವೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಹೂತುಬಿಡು ಅಕ್ಕ, ಗಿಡ ಕುಡಿದ ಮೇಲೆ."

ಎತ್ತಿದ ಗುದ್ದಲಿ ಹಾಗೇ ನಿಂತಿತು. ಆಮೇಲೆ ತೂದಾ ಅದನ್ನು ಬಿಸುಟು ಪಾತಿಗಿಳಿದಳು. ಒಂದು ಹಿಡಿ ಜಿರೇನಿಯಂ ಎಲೆ ಕಿತ್ತು, ಬಾಯಲ್ಲಿ ಜಗಿದು, ಮಂಡಿಯೂರಿ ಗಾಯಕ್ಕೆ ಒತ್ತಿ ಹಿಡಿದಳು. ರಖಿಯಾ ಏಳಲು ನೋಡಿದಳು.

"ಅಲ್ಲಾಡಬೇಡ, ಕತ್ತೆ," ಎಂದಳು ತೂದಾ. "ರಕ್ತ ನಿಂತಿಲ್ಲ. ನೀರೂ ಇನ್ನೂ ಕೊನೇ ಗಿಡ ಮುಟ್ಟಿಲ್ಲ."