ಇಲಿಗಳ ಜನಾನಾ

ಮೂರನೆಯ ಬಾಣಂತಿಯೂ ತನ್ನ ಮರಿಗಳನ್ನು ತಿಂದುಹಾಕಿತ್ತು. ನಿನ್ನೆ ಏಳು ಮರಿ ಇದ್ದವು, ಇವತ್ತು ಗೂಡಿನ ಹತ್ತಿಯಲ್ಲಿ ಅರ್ಧ ಬಾಲ ಉಳಿದಿತ್ತು. ಆ ಬಾಲವನ್ನೇ ಸಾಕ್ಷಿಯಾಗಿ ಹಿಡಿದು ಇಲಿ ನೋಡಿಕೊಳ್ಳುವ ಮಾಪಣ್ಣ ನಿಂತಿದ್ದ. ಎದುರಿಗೆ ಕಲಬುರಗಿಯ ಪ್ಲೇಗ್ ಡಾಕ್ಟರು ಸಲಾವುದ್ದೀನ್ ಸಾಹೇಬರು.

"ಸಚ್ ಬೋಲೋ. ಹಾವಾಡಿಗನಿಗಿ ಮಾರ್ಲಾಕತ್ತೀಯೇನು?"

"ಇಲ್ರಿ ಸರಕಾರ್. ತಾಯಿನೇ ತಿಂದಾಳ್ರಿ."

"ತಾಯಿ ಮಕ್ಕಳಿಗಿ ತಿಂತಾಳ? ನಿಮ್ಮವ್ವ ನಿನಗ ತಿಂದಾಳೇನು?"

"ಇನ್ನಾ ಇಲ್ರಿ," ಅಂದ ಮಾಪಣ್ಣ.

ಸಾಹೇಬರು ನಗಲಿಲ್ಲ. ಮುಂಬೈಯಿಂದ ರೈಲಿನಲ್ಲಿ ಬಂದ ಬಿಳಿ ಇಲಿಗಳವು. ಊರಲ್ಲಿ ಸತ್ತ ಇಲಿಯ ರಕ್ತ ಅವಕ್ಕೆ ಚುಚ್ಚಿ, ಪ್ಲೇಗ್ ಹೌದೋ ಅಲ್ಲವೋ ನೋಡಬೇಕು. ಮರಿ ಬದುಕದಿದ್ದರೆ ಕೆಲಸ ನಿಂತಿತು. ನಾಲ್ಕನೆಯದೂ ಹೀಗಾದರೆ ಊರಾಚೆಯ ಪ್ಲೇಗ್ ಕ್ಯಾಂಪಿನಲ್ಲಿ ಹೆಣ ಹೊರಲು ಹೋಗು ಎಂದು ಹೇಳಿ ಹೊರಟರು. ಆ ಕ್ಯಾಂಪಿಗೆ ಹೊರಲು ಹೋದವರು ಹೊರಿಸಿಕೊಂಡು ಬಂದದ್ದನ್ನು ಮಾಪಣ್ಣ ಕಣ್ಣಾರೆ ಕಂಡಿದ್ದ.

ಅವನೇನು ಕೈಕಟ್ಟಿ ಕೂತಿರಲಿಲ್ಲ. ಜೋಳ ಬಿಡಿಸಿ ಕಡಲೆ ಹಾಕಿದ್ದ. ಗೂಡನ್ನು ಪೂರ್ವಕ್ಕೆ ತಿರುಗಿಸಿದ್ದ. ದೃಷ್ಟಿಯಾದೀತೆಂದು ನಿಂಬೆಹಣ್ಣು ಕಟ್ಟಿದರೆ ಇಲಿಗಳು ಅದನ್ನೂ ತಿಂದವು. ಕೊನೆಗೆ ಗುರುವಾರ ಸಂಜೆ, ಬಾಳೆಹಣ್ಣು ಇಳಿಸಿ ಖಾಲಿ ಹೊರಟ ಗಾಡಿ ಹತ್ತಿ ಕಮಲಾಪುರಕ್ಕೆ ಅವ್ವನ ಹತ್ತಿರ ಹೋದ. ಅವ್ವ ಮಾನಮ್ಮ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು.

"ಬಾಣಂತಿ ಹಂತ್ಯಾಕ ಯಾರ್ ಯಾರು ಹೋಗ್ತಾರೋ?" ಎಂದಳು, ಇಲಿಗಳ ಸಂಗತಿಯೆಲ್ಲ ಕೇಳಿಕೊಂಡು.

"ಸಾಹೇಬ್ರು. ದಿನಕ್ಕ ಮೂರು ಸಲ ಮರಿ ಎತ್ತಿ ಎಣಿಸಿ ಹೈದರಾಬಾದಿಗಿ ಬರೀತಾರ."

"ಕೈಗಿ ಏನರೆ ಹಚ್ಕೋತಾನ?"

"ಗುಲಾಬಿ ಅತ್ತರ. ಸಾಹೇಬ್ರು ಓಣ್ಯಾಗ ಬಂದ್ರ ನನಗ ಒಳಗೇ ಗೊತ್ತಾಗ್ತದ."

"ನಿನಗ ಗೊತ್ತಾದ್ರ ಇಲಿಗಿ ಗೊತ್ತಾಗಲ್ಲೇನೋ ಮೂಳ? ಹಡದಾಕಿ ಮೂಗು ಭಾಳ ಚುರುಕು. ಕೂಸಿನ ಮೈ ಪರವಾಸನಿ ಹೊಡದ್ರ ಇದು ನಂದಲ್ಲ ಅಂತಾಳ. ಕತ್ತಲದಾಗ ಸುಮ್ಮ ಬಿಡಬೇಕು. ನೀ ಹುಟ್ಟಿದಾಗ ಹನ್ನೊಂದು ದಿನ ನಿಮ್ಮಪ್ಪಗ ಕಸಬರಗಿ ತೋರಿಸಿ ಹೊರಗ ಕುಂದರ್ಸಿದ್ದೆ."

ಸಾಹೇಬರಿಗೆ ಕಸಬರಿಗೆ ತೋರಿಸುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವುದು ಇಲಿಗಳ ಚಿಂತೆಯಾಗಿತ್ತು. ಈಗ ಮಾಪಣ್ಣನ ತಲೆಗೆ ಬಂತು. ವಾಪಸು ಬರುವಾಗ ಗಾಡಿಯಲ್ಲಿ ಕೆಂಪು ಬಾಳೆಗೊನೆಗಳ ನಡುವೆ ಕೂತವನಿಗೆ ಕಲಬುರಗಿಯ ಮೋಮಿನಪುರ ಓಣಿಯಲ್ಲಿದ್ದ ಸಾಹೇಬರ ಮನೆ ನೆನಪಾಯಿತು. ಕಾಗದ ಕೊಡಲು ಹೋದಾಗಲೆಲ್ಲ ನೋಡಿದ್ದ: ಸ್ವಂತ ಮನೆಯೊಳಕ್ಕೆ ಕಾಲಿಡುವಾಗಲೂ ಸಾಹೇಬರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಒಳಗೆ ಜನಾನಾದಲ್ಲಿ ಅಕ್ಕಪಕ್ಕದ ಹೆಂಗಸರು ಇದ್ದಾರು ಎಂಬ ಮರ್ಯಾದೆ.

ಶನಿವಾರ ಸಾಹೇಬರು ಬಂದಾಗ ನಾಲ್ಕನೆಯ ಗೂಡಿನ ಸುತ್ತ ಮಾಪಣ್ಣನ ರುಮಾಲಿನ ಅರ್ಧ ಇಳಿಬಿದ್ದಿತ್ತು.

"ಯೇ ಕ್ಯಾ?"

"ಪರದಾ ರೀ ಸರಕಾರ್. ಮುಂಜಾನೆ ಹಡದಾಳ. ಒಳಗ ಜನಾನಾ ಅದ. ಗಂಡಿಲಿಗೂ ಹೊರಗ ಹಾಕೀನ್ರಿ."

ಚಾಚಿದ ಕೈ ಅರಿವೆಯ ಹತ್ತಿರ ಹೋಗಿ ನಿಂತಿತು. ಎತ್ತಿದರೆ ಮನೆತನದ ಮಾನ ಹೋಯಿತು, ಎತ್ತದಿದ್ದರೆ ಹೈದರಾಬಾದಿನ ವರದಿ ನಿಂತಿತು. ಸಾಹೇಬರ ಕಿವಿ ಕೆಂಪಾಯಿತು. ಕೊನೆಗೆ ಕೈ ಕೆಳಗಿಳಿಯಿತು.

"ವರದಿದಾಗ ಏನ್ ಬರೀಲಿ?"

"ಎಲ್ಲಾ ಖೈರಿಯತ್, ಬಾಣಂತಿ ಆರಾಮ ಅದಾಳ ಅಂತ ಬರೀರಿ."

ಹದಿನೈದನೆಯ ದಿನ ಒಂಬತ್ತು ಮರಿಗಳು ಕಣ್ಣುಬಿಟ್ಟುಕೊಂಡು ತಾವಾಗಿಯೇ ಪರದೆಯಾಚೆ ಮೂತಿ ಹಾಕಿದವು. ಹೆಣ ಹೊರುವ ಮಾತು ಮತ್ತೆ ಬರಲಿಲ್ಲ. ಮುಂದಿನ ಶುಕ್ರವಾರ ಊರಿಗೆ ಬಂದ ಮಾಪಣ್ಣ, ಅಷ್ಟೂ ದಿನ ಸಾಹೇಬರು ಇಲಿ ಕೋಣೆಯ ಹೊಸ್ತಿಲಲ್ಲಿ ಕೆಮ್ಮಿ, ಗೋಡೆಗೆ ಮುಖ ಮಾಡಿ ಬಾಣಂತಿಯ ಕ್ಷೇಮ ಕೇಳುತ್ತಿದ್ದುದನ್ನು ಕುಣಿದು ಮಾಡಿ ತೋರಿಸಿದ. ಮಾನಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋದ ವರ್ಷ ಪ್ಲೇಗಿನ ತಪಾಸಕ್ಕ ಇದೇ ಸಾಹೇಬ ನಮ್ಮ ಮನಿಗಿ ಬಂದಿದ್ದ. ನಿನ್ನ ಹೆಂಡ್ತಿ ಹಡದು ಮೂರು ದಿನ ಆಗಿತ್ತು. ಬಾಗಲಿಗಿ ನಂದೇ ಸೀರಿ ಕಟ್ಟಿದ್ದೆ, ಸರಿಸಿ ಸೀದಾ ಒಳಗ ಬಂದ," ಅಂದಳು. "ಅವತ್ತ ಅವನಿಗಿ ಕೆಮ್ಮೇ ಬರಲಿಲ್ಲ ನೋಡು."