ರೈಲ್ವೆ ಗೇಟಿನ ಅಂಕಣ

ಮೂವತ್ತೆಂಟು ವರ್ಷ ಪತ್ರಿಕೆಯಲ್ಲಿ ದುಡಿದು ನಿವೃತ್ತರಾದ ಸಂಪಾದಕ ಪಟ್ಟಾಭಿರಾಮಯ್ಯನವರ ಅಂಕಣಗಳ ಪುಸ್ತಕ ಅಂದು ಬಿಡುಗಡೆಯಾಯಿತು. ಭಾಷಣ ಮಾಡಿದವರೆಲ್ಲ 'ರೈಲ್ವೆ ಗೇಟು' ಎಂಬ ಅಂಕಣವನ್ನೇ ಬಾಯ್ತುಂಬ ಹೊಗಳಿದರು.

ಸಹಿ ಹಾಕಿಸಿಕೊಳ್ಳಲು ನಿಂತವರ ಸಾಲಿನಲ್ಲಿ ಕೊನೆಗೆ ಬಂದ ಹೆಂಗಸು ಅದೇ ಪುಟವನ್ನು ತೆರೆದು ಮುಂದಿಟ್ಟಳು.

"ಇಲ್ಲೇ ಸಹಿ ಹಾಕ್ಕೊಡಿ ಸಾರ್. ನಾನು ಗೇಟ್‌ಮನ್ ಕರಿಬಸಪ್ಪನ ಮಗಳು."

ಅವರ ಕೈ ನಿಂತಿತು. ಇಪ್ಪತ್ತೈದು ವರ್ಷಗಳ ಹಿಂದೆ, ಓದುಗರ ಪತ್ರಗಳ ನಡುವೆ ಕರಿಬಸಪ್ಪನ ಹೆಸರಿನಲ್ಲಿ ಬಂದಿದ್ದ ಬರಹವನ್ನು ಅವರು ಹೆಚ್ಚುಕಡಿಮೆ ಇದ್ದ ಹಾಗೆಯೇ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು.

ಆಕೆಯ ಮುಖ ನೋಡಲಾಗದೆ ತಲೆ ತಗ್ಗಿಸಿದರು. "ಇದು ನಾನು ಬರೆದದ್ದಲ್ಲಮ್ಮ, ನಿಮ್ಮ ತಂದೆಯವರದು. ಅವರಿಗೆ ಗೊತ್ತಾಗಿತ್ತಾ?"

"ಗೊತ್ತಾಗ್ದೆ ಏನು ಸಾರ್? ಆವತ್ತಿನ ಪೇಪರು ಸಾಯೋತನಕ ಅವರ ಟ್ರಂಕಲ್ಲೇ ಇತ್ತು."

"ನನ್ನ ಬೈಯಲಿಲ್ವಾ?"

"ಇಲ್ಲ ಸಾರ್. ಮನೆಗೆ ಬಂದೋರಿಗೆಲ್ಲ ಅದನ್ನ ತೆಗೆದು, 'ನಾನು ಬರ್ದಿದ್ದು ಪೇಪರಲ್ಲಿ ಬಂದಿದೆ ನೋಡಿ' ಅಂತ ತೋರಿಸೋರು," ಎಂದಳು ಆಕೆ. "ನಿಮ್ಮ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡ್ಕೊಂಡು."